ಬೇರಿನ ತುದಿಯಲ್ಲಿ ಎಣಿಸಿದ ಲೆಕ್ಕ



ಮಲೆನಾಡಿನ ಸೆರಗಿಗೆ ಹೊಂದಿಕೊಂಡ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಮನೆಯ ಬೀಜ ಕಾಯ್ದುಕೊಂಡವರಿಗೆ ಒಂದು ಆತಂಕವಿದೆ: ಪಕ್ಕದ ಹೊಲದ ಬಿಟಿ ಹತ್ತಿಯ ಪರಾಗ ನಮ್ಮ ಜಯಧರ ಹತ್ತಿಯನ್ನು ಕೆಡಿಸೀತೇ? ಉತ್ತರಕ್ಕಾಗಿ ವರ್ಣತಂತುಗಳನ್ನು ನೋಡಬೇಕು.

ಮೊಳಕೆಯ ಬೇರಿನ ತುದಿಯಲ್ಲಿ ಜೀವಕೋಶಗಳು ಬಿಡುವಿಲ್ಲದೆ ವಿಭಜನೆ ಹೊಂದುತ್ತಿರುತ್ತವೆ. ಆ ಹೊತ್ತಿನಲ್ಲಿ ವರ್ಣತಂತುಗಳು ಸುರುಳಿಗಟ್ಟಿ, ದಪ್ಪವಾಗಿ, ಸೂಕ್ಷ್ಮದರ್ಶಕಕ್ಕೆ ಸ್ಪಷ್ಟವಾಗಿ ಸಿಗುತ್ತವೆ. ವಿಜ್ಞಾನಿಗಳು ಆ ತುದಿಯನ್ನು ಕಾಲ್ಚಿಸಿನ್‌ನಂತಹ ದ್ರಾವಣದಲ್ಲಿಟ್ಟು ವಿಭಜನೆಯನ್ನು ಅರ್ಧದಲ್ಲಿ ತಡೆಯುತ್ತಾರೆ. ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಸ್ಥಿರಗೊಳಿಸಿ, ಮೆದುವಾಗಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕುತ್ತಾರೆ. (ಕಾರ್ಮಿನ್ ಎಂಬುದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟದಿಂದ ಬಂದ ಬಣ್ಣ, ಪ್ರಯೋಗಾಲಯವೂ ಬೇಲಿಗಿಡಕ್ಕೆ ಋಣಿ.) ಮೇಲೆ ತೆಳುಗಾಜು ಹೊದಿಸಿ ಹೆಬ್ಬೆರಳಿನಿಂದ ಒತ್ತಿದರೆ ಕೋಶಗಳು ಒಂದೇ ಪದರವಾಗಿ ಹರಡುತ್ತವೆ. ಬಳಿಕ ಛಾಯಾಚಿತ್ರ ತೆಗೆದು, ಪ್ರತಿ ತಂತುವಿನ ಉದ್ದವನ್ನೂ, ಸೆಂಟ್ರೋಮಿಯರ್ ಎಂಬ ಸೊಂಟ ನಡುವಿದೆಯೋ ತುದಿಯತ್ತ ಸರಿದಿದೆಯೋ ಎಂಬುದನ್ನೂ ನೋಡಿ ಜೋಡಿಗೂಡಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡುತ್ತಾರೆ. ಈ ಸಾಲೇ ಕ್ಯಾರಿಯೋಟೈಪ್.

ಜಯಧರವು ಗಾಸಿಪಿಯಮ್ ಹರ್ಬೇಸಿಯಮ್ ಪ್ರಭೇದಕ್ಕೆ ಸೇರಿದ್ದು. ಅದರಲ್ಲಿ 26 ವರ್ಣತಂತುಗಳು. ಬಿಟಿ ಹತ್ತಿ ಹೆಚ್ಚಾಗಿ ಹಿರ್ಸುಟಮ್, ಅದರಲ್ಲಿ 52. ಈ 52ರಲ್ಲಿ 26 ದೊಡ್ಡವು, 26 ಸಣ್ಣವು. ಎರಡು ಹಳೆಯ ವಂಶಗಳು ಇಲ್ಲಿ ಒಂದಾಗಿವೆಯೆಂದು 1934ರಲ್ಲಿ ಸ್ಕೋವ್‌ಸ್ಟೆಡ್ ವಾದಿಸಿದರು. ಜಯಧರದೊಡನೆ ಇದು ಕೂಡಿ ಅಪರೂಪಕ್ಕೆ ಸಸಿ ಹುಟ್ಟಿದರೂ ಅದರಲ್ಲಿರುವುದು 39. ಜೋಡಿ ಸಿಗದ 13 ತಂತುಗಳಿಂದಾಗಿ ಅದು ಸಾಮಾನ್ಯವಾಗಿ ಬೀಜ ಕಟ್ಟದು. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಸಂಕರಣ ಫಲಿಸಿದ್ದು ಅದರ ತಾಯಿ ತಂದೆ ಎರಡೂ 52ರ ಕುಲದವಾದ್ದರಿಂದ. ಹೀಗಾಗಿ ಜಯಧರಕ್ಕೆ ಪರಾಗದ ಭಯ ಅಷ್ಟಾಗಿ ಇಲ್ಲ. ಅದು ಕಡಿಮೆಯಾಗುತ್ತಿರುವುದು ಬಿತ್ತುವವರಿಲ್ಲದೆ.

ಬ್ಯಾಡಗಿ ಮೆಣಸಿನಕಾಯಿಯ ಸ್ಥಿತಿ ಬೇರೆ. ಕಡ್ಡಿ, ಡಬ್ಬಿ, ಗುಂಟೂರು ಎಲ್ಲವೂ ಕ್ಯಾಪ್ಸಿಕಮ್ ಆನ್ಯುಅಮ್, ಎಲ್ಲದರಲ್ಲೂ 24. ಸಾಲಾಗಿಟ್ಟ ಚಿತ್ರ ನೋಡಿ ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ಹೇಳಲಾಗದು. ಇಲ್ಲಿ ಅಡ್ಡಗೋಡೆಯಿಲ್ಲ, ಜೇನ್ನೊಣ ಒಂದು ಹೊಲದಿಂದ ಇನ್ನೊಂದಕ್ಕೆ ಹಾರಿದರೆ ಸಾಕು. 2011ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಹೆಸರನ್ನು ಕಾಯುತ್ತದೆ, ಹೂವನ್ನಲ್ಲ. ಬೀಜಕ್ಕೆ ಬಿಡುವ ಗಿಡಗಳನ್ನು ಹೊಲದ ನಡುವಿನಿಂದ ಆರಿಸಿ, ಮೊಗ್ಗಿರುವಾಗಲೇ ಕೊಂಬೆಗೆ ತೆಳುಬಟ್ಟೆಯ ಚೀಲ ಕಟ್ಟಿರಿ. ಆ ಹೂಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟಬಲ್ಲವು. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಬಣ್ಣದ ದಾರದಿಂದ ಗುರುತಿಟ್ಟು, ಅವನ್ನು ಬೇರೆಯಾಗಿಯೇ ಒಣಗಿಸಿರಿ.