ಸಾಕುನಾಯಿ ಮತ್ತು ಔಷಧಕ್ಕೆ ಮಣಿಯದ ಸೂಕ್ಷ್ಮಾಣುಗಳು



ನಾಯಿಯು ಸಾವಿರಾರು ವರ್ಷಗಳಿಂದ ಮನುಷ್ಯನ ಒಡನಾಡಿಯಾಗಿದೆ. ಹಿಂದೆ ಅಂಗಳವನ್ನು ಕಾಯುತ್ತಿದ್ದ ಈ ಪ್ರಾಣಿ ಇಂದು ನಗರದ ಮನೆಗಳಲ್ಲಿ ಮಲಗುವ ಕೋಣೆಯವರೆಗೂ ಬಂದಿದೆ. ಮಕ್ಕಳ ಮಗ್ಗುಲಲ್ಲಿ ಮಲಗುತ್ತದೆ, ಅಕ್ಕರೆಯಿಂದ ಅವರ ಮುಖವನ್ನೂ ನೆಕ್ಕುತ್ತದೆ. ಒಂದೇ ಸೂರಿನಡಿ ಬಾಳುವವರು ಪ್ರೀತಿಯಂತೆಯೇ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳನ್ನೂ ಹಂಚಿಕೊಳ್ಳುತ್ತಾರೆ.

ಈ ಕೋಲೈ ಎಂಬ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿಯೂ ನಾಯಿಯ ಕರುಳಿನಲ್ಲಿಯೂ ಸಹಜವಾಗಿ ನೆಲೆಸಿರುತ್ತದೆ. ಅದರ ಬಹುತೇಕ ತಳಿಗಳು ನಿರುಪದ್ರವಿಗಳು. ಆದರೆ ಅದು ಮೂತ್ರನಾಳವನ್ನೋ ರಕ್ತವನ್ನೋ ಸೇರಿದಾಗ ಕಾಯಿಲೆ ತಲೆದೋರುತ್ತದೆ. ಅದನ್ನು ಹತ್ತಿಕ್ಕಲು ಆಂಟಿಬಯಾಟಿಕ್ ಔಷಧಗಳು ಬೇಕಾಗುತ್ತವೆ. ಈ ಔಷಧಗಳನ್ನು ಅನಗತ್ಯವಾಗಿ ಬಳಸಿದಷ್ಟೂ, ಅವುಗಳನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಮಾತ್ರ ಉಳಿದು ವೃದ್ಧಿಸುತ್ತವೆ. ಮೇಲಾಗಿ, ನಿರೋಧ ಗುಣವುಳ್ಳ ವಂಶವಾಹಿಯನ್ನು ಒಂದು ಬ್ಯಾಕ್ಟೀರಿಯಾ ಮತ್ತೊಂದಕ್ಕೆ ದಾಟಿಸಬಲ್ಲದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯದ ಎಚ್ಚರಿಕೆ ನೀಡಿದ್ದರು.

ಇತರ ಔಷಧಗಳು ಸೋತಾಗ ವೈದ್ಯರು ಕೊನೆಯ ಆಸರೆಯಾಗಿ ಬಳಸುವ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಇದನ್ನು ನಿಷ್ಫಲಗೊಳಿಸುವ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಹರಡಬಲ್ಲ ವಂಶವಾಹಿಯೊಂದು 2015ರಲ್ಲಿ ಚೀನಾದಿಂದ ವರದಿಯಾಯಿತು. ಅನಂತರ ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ 2018ರಿಂದ 2020ರವರೆಗೆ 80 ಮನೆಗಳ 126 ಮಂದಿಯನ್ನೂ, ಅವರೊಡನೆ ವಾಸಿಸುವ 102 ನಾಯಿ ಬೆಕ್ಕುಗಳನ್ನೂ ಪರೀಕ್ಷಿಸಲಾಯಿತು. ಎಂಟು ನಾಯಿಗಳಲ್ಲಿಯೂ ನಾಲ್ವರು ಮನುಷ್ಯರಲ್ಲಿಯೂ ಈ ವಂಶವಾಹಿ ಕಂಡುಬಂದಿತು. ಎರಡು ಮನೆಗಳಲ್ಲಿ ನಾಯಿಯಲ್ಲಿಯೂ ಅದರ ಒಡೆಯರಲ್ಲಿಯೂ ಅದು ಇತ್ತು. ಆ ನಾಲ್ವರು ಆರೋಗ್ಯವಂತರೇ ಆಗಿದ್ದರೆಂಬುದು ಗಮನಾರ್ಹ. ಕಾಯಿಲೆಯ ಲಕ್ಷಣವಿಲ್ಲದವರೂ ಇಂತಹ ಸೂಕ್ಷ್ಮಾಣುಗಳ ವಾಹಕರಾಗಬಹುದು.

ಹಾಗೆಂದು ನಾಯಿಯನ್ನು ದೂಷಿಸುವುದು ನ್ಯಾಯವಲ್ಲ. ಸೂಕ್ಷ್ಮಾಣುವು ನಾಯಿಯಿಂದ ಮನುಷ್ಯನಿಗೆ ದಾಟುವಂತೆ ಮನುಷ್ಯನಿಂದ ನಾಯಿಗೂ ದಾಟಬಲ್ಲದು. ಇಬ್ಬರಿಗೂ ಬಳಕೆಯಾಗುವ ಔಷಧಗಳು ಬಹುಮಟ್ಟಿಗೆ ಒಂದೇ ಬಗೆಯವು. ಆದುದರಿಂದ ಅವುಗಳ ಬಳಕೆಯಲ್ಲಿ ಸಂಯಮವೂ ಎರಡೂ ಕಡೆ ಇರಬೇಕು. ಭಾರತ ಸರ್ಕಾರವು 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಮನೆಯೊಳಗಿನ ಎಚ್ಚರಿಕೆ ಮಾತ್ರ ಮನೆಯವರದೇ ಹೊಣೆ.

ನಾಯಿಯ ಮಲವನ್ನು ತೆಗೆದ ನಂತರ, ಅದರ ತಟ್ಟೆಯನ್ನು ಮುಟ್ಟಿದ ನಂತರ ಹಾಗೂ ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಬೀದಿಯಲ್ಲಿ ಮಲವನ್ನು ಹಾಗೆಯೇ ಬಿಟ್ಟು ಬರಬಾರದು. ಹಸಿಮಾಂಸದಲ್ಲಿ ಇಂತಹ ಬ್ಯಾಕ್ಟೀರಿಯಾಗಳು ಇರುವ ಸಂಭವವುಂಟು. ನಾಯಿಗೆ ಮಾಂಸವನ್ನು ಚೆನ್ನಾಗಿ ಬೇಯಿಸಿ ಕೊಡುವುದು ಕ್ಷೇಮ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ನಾಯಿಗೆ ತಿನ್ನಿಸಬಾರದು. ಪಶುವೈದ್ಯರು ಬರೆದುಕೊಟ್ಟ ಔಷಧವನ್ನು ಅವರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಕೊಡಬೇಕು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧವೆಂದು ತಿಳಿಯಬೇಕು. ಮನೆಯಲ್ಲಿ ಹಸುಗೂಸು, ವೃದ್ಧರು ಅಥವಾ ದೀರ್ಘಕಾಲದ ರೋಗಿಗಳಿದ್ದರೆ ಈ ಎಚ್ಚರಿಕೆ ಇನ್ನೂ ಅಗತ್ಯ.

ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಜನರು ಮೃತಪಟ್ಟರೆಂದು ಅಂದಾಜು ಮಾಡಲಾಗಿದೆ. ಪ್ರೀತಿಯಿಂದ ಸಾಕಿದ ಪ್ರಾಣಿಯನ್ನು ಮನೆಯಿಂದ ಹೊರಹಾಕುವುದು ಇದಕ್ಕೆ ಪರಿಹಾರವಲ್ಲ. ಶುಚಿತ್ವ ಹಾಗೂ ಔಷಧದ ಮಿತಬಳಕೆಯಿಂದ ನಾಯಿಯ ಆರೋಗ್ಯವೂ ಮನೆಯವರ ಆರೋಗ್ಯವೂ ಒಟ್ಟಿಗೆ ಉಳಿಯುತ್ತವೆ.