ಮುಂದಾಳು ಅಂದರೆ ಮುಂದಿನ ಕುರ್ಚಿಯವನಲ್ಲ

(ಕಮಲಾಪುರದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದೆ.)



ಕಲಬುರಗಿಯಿಂದ ಬಸ್ಸು ಹತ್ತಿ ಇಲ್ಲಿಗೆ ಬರುವಾಗ ಜತೆಗಿದ್ದ ಹುಡುಗನೊಬ್ಬ ಕೇಳಿದ: "ಸರ್, ಇವತ್ತ ನಾಯಕತ್ವದ ಬಗ್ಗೆ ಹೇಳ್ತೀರಂತ. ನಾಯಕ ಆಗಬೇಕಂದ್ರ ಮೊದಲ ಏನ್ ಮಾಡಬೇಕ್ರಿ?" ನಿನಗೇನು ಅನಸ್ತದ, ನೀನೇ ಹೇಳು ಅಂದೆ. "ಮೈಕಿನಾಗ ಛಲೋ ಮಾತಾಡಬೇಕು, ಹಿಂದ ನಾಕ್ ಮಂದಿ ಇರಬೇಕು, ಬ್ಯಾನರಿನಾಗ ಫೋಟೋ ಇರಬೇಕು" ಅಂದ. ಸುತ್ತ ಕೂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ವಯಸ್ಸಿನಲ್ಲಿ ನಾನೂ ಹಾಗೇ ತಿಳಿದಿದ್ದೆ. ಹಾಗೆ ತಿಳಿದು ಒಂದು ತಪ್ಪು ಮಾಡಿದ್ದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಪಿಯುಸಿ ಓದುವಾಗ ನಾನೊಂದು ಹಾಸ್ಟೆಲಿನಲ್ಲಿದ್ದೆ. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಅಂತ ಕರೀತಾರೆ. ಆ ಕಣಜದ ನಡುವೆ ಕೂತ ನಮ್ಮ ತಾಟಿಗೆ ಬೀಳುತ್ತಿದ್ದದ್ದು ಬ್ಯಾಳಿ ತೊಳೆದ ನೀರು. ನಮ್ಮ ಅವ್ವ ಅಪ್ಪ ಕೂಲಿ ಮಾಡಿ ಕೊಯ್ದ ತೊಗರಿ, ಬಿಸಿಲಿನಲ್ಲಿ ರಾಶಿ ಮಾಡಿದ ತೊಗರಿ, ಅವರ ಮಕ್ಕಳ ತಾಟಿಗೆ ಬರುವಷ್ಟರಲ್ಲಿ ನೀರಾಗಿರುತ್ತಿತ್ತು. ಹುಡುಗರು ರೊಚ್ಚಿಗೆದ್ದರು. ಮೊದಲು ಆ ಸಿಟ್ಟು ತಿರುಗಿದ್ದು ಯಾರ ಮೇಲೆ? ಅಡುಗೆ ಮಾಡುವ ಅಕ್ಕನ ಮೇಲೆ. ಅವಳೂ ನಮ್ಮ ಕೇರಿಯವಳೇ. ಅವಳ ಪಗಾರವೂ ತಿಂಗಳುಗಟ್ಟಲೆ ಬಾಕಿ ಇತ್ತು. ಅದನ್ನು ಕೇಳುವ ಬುದ್ಧಿ ನಮಗೆ ಇರಲಿಲ್ಲ.

ಆಮೇಲೆ ಸುಮಾರು 60 ಹುಡುಗರು ಮೇಲಧಿಕಾರಿಯ ಕಚೇರಿಗೆ ನಡೆದುಕೊಂಡು ಹೋದೆವು. ನಾನು ಘೋಷಣೆ ಚೆನ್ನಾಗಿ ಕೂಗುತ್ತಿದ್ದೆ, ಅದಕ್ಕೇ ನಾನು ಲೀಡರ್. ಜವಾನ ಬಂದು "ಲೀಡರ್ ಒಬ್ಬನೇ ಒಳಗ ಬರಬೇಕಂತ" ಅಂದ. ಹೋದೆ. ಅಲ್ಲೊಂದು ಕುರ್ಚಿ. ನನ್ನ ಜೀವಮಾನದಲ್ಲಿ ಯಾವ ಅಧಿಕಾರಿಯೂ ನನಗೆ ಕುರ್ಚಿ ತೋರಿಸಿರಲಿಲ್ಲ. ಚಹಾ ಬಂತು. "ತಮ್ಮಾ, ನೀ ಶಾಣ್ಯಾ ಹುಡುಗ ಇದ್ದಿ, ಹಿಂಗ ಮಂದಿ ಕಟ್ಕೊಂಡು ತಿರುಗಿದ್ರ ನಿನ್ನ ಓದಿಗೇ ಲುಕ್ಸಾನು. ನಿನಗೇನು ಬೇಕಾದ್ರೂ ನನ್ನ ಹತ್ತರ ಬಾ" ಅಂದರು. ಬಾಯಿ ತುಂಬ ಭರವಸೆ ಕೊಟ್ಟರು. ಹೊರಗೆ ಬಂದು "ಮುಂದಿನ ತಿಂಗಳು ಎಲ್ಲಾ ಸರಿ ಆಗ್ತದ" ಅಂತ ಹೇಳಿದೆ. ಚಪ್ಪಾಳೆ ಬಿತ್ತು.

ಗುಂಪಿನ ಹಿಂದೆ ನಿಂತಿದ್ದ ಹುಡುಗನೊಬ್ಬ, ಕಮಲಾಪುರದ ಕಡೆಯ ಹಳ್ಳಿಯವನು, ಮೆಲ್ಲಗೆ ಕೇಳಿದ: "ಅಣ್ಣಾ, ಏನರ ಬರದು ಕೊಟ್ಟಾರೇನು?" ನಾನು ಅವನ ಮೇಲೆ ಹರಿಹಾಯ್ದೆ. ನನ್ನ ಮೇಲೆ ನಂಬಿಕೆ ಇಲ್ಲೇನು ಅಂದೆ. ಅವನು ಸುಮ್ಮನಾದ.

ಮುಂದಿನ ತಿಂಗಳೂ ಬ್ಯಾಳಿ ನೀರೇ. ಗೆಳೆಯರೆ, ಆ ಒಂದು ಕಪ್ಪು ಚಹಾಕ್ಕೆ ನಾನು 60 ಹುಡುಗರ ಹೊಟ್ಟೆಯನ್ನು ಮಾರಿದ್ದೆ. ನನಗೆ ಯಾರೂ ರೊಕ್ಕ ಕೊಟ್ಟಿರಲಿಲ್ಲ. ಕುರ್ಚಿಯೇ ಸಾಕಾಗಿತ್ತು. ನೂರಾರು ವರ್ಷ ನೆಲದ ಮೇಲೆ ಕೂರಿಸಿದ ಜನರಿಗೆ ಒಂದು ಕುರ್ಚಿ ತೋರಿಸಿದರೆ ಸಾಕು, ಹೊರಗೆ ನಿಂತವರು ಮರೆತುಹೋಗುತ್ತಾರೆ ಅನ್ನೋದು ಈ ವ್ಯವಸ್ಥೆಗೆ ಚೆನ್ನಾಗಿ ಗೊತ್ತು.

ಇತ್ತ ಆ ಹುಡುಗ ಏನು ಮಾಡಿದ? ಎರಡು ರೇಖೆಯ ನೋಟುಬುಕ್ಕು ತಗೊಂಡ. ಅಡುಗೆ ಅಕ್ಕನ ಹತ್ತಿರ ಹೋಗಿ ಕೂತ. ಸ್ಟೋರಿನಿಂದ ದಿನಾ ಎಷ್ಟು ಬ್ಯಾಳಿ ಹೊರಗೆ ಬರುತ್ತದೆ, ಎಷ್ಟು ಜನ ಉಂಡರು, ಹಾಜರಿ ಪುಸ್ತಕದಲ್ಲಿ ಎಷ್ಟು ಜನ ಉಂಡರು ಅಂತ ಬರೆದಿದೆ, ಇಷ್ಟನ್ನೇ ಬರೆಯುತ್ತ ಹೋದ. ಊರಿಗೆ ಹೋದವರೂ ಹಾಜರಿಯಲ್ಲಿ ಉಣ್ಣುತ್ತಿದ್ದರು! 31 ದಿನ ಬರೆದ. ಎರಡನೇ ಸಲ ಕಚೇರಿಗೆ ಹೋದಾಗ "ಒಬ್ಬರೇ ಒಳಗೆ ಬರೋದಿಲ್ಲ, ಐದು ಜನ ಬರ್ತೀವಿ" ಅಂದೆವು. ಒಬ್ಬ ಮಾತಾಡಿದ, ಒಬ್ಬ ಲೆಕ್ಕ ಓದಿದ, ಒಬ್ಬ ಅವರು ಹೇಳಿದ್ದನ್ನು ಬರೆದುಕೊಂಡ. ಮನವಿಯ ಎರಡನೇ ಪ್ರತಿಯ ಮೇಲೆ ಸೀಲು ಸಹಿ ಹಾಕಿಸಿಕೊಂಡೇ ಎದ್ದೆವು. ಮುಂದಿನ ವಾರ ತಾಟಿನಲ್ಲಿ ಬ್ಯಾಳಿ ಕಾಣಿಸಿತು. ಅಕ್ಕನ ಬಾಕಿ ಪಗಾರವೂ ಬಂತು, ಯಾಕೆಂದರೆ ಅದನ್ನೂ ಮನವಿಯಲ್ಲಿ ಬರೆದಿದ್ದೆವು. ನೋಟುಬುಕ್ಕಿನ ಹುಡುಗ ಒಳಗೆ ಒಂದು ಮಾತೂ ಆಡಲಿಲ್ಲ. ಈಗ ಹೇಳಿ, ಆ ಹಾಸ್ಟೆಲಿನ ಮುಂದಾಳು ಯಾರು?

ಇದು ಸಣ್ಣ ಕತೆ ಅನ್ನಬೇಡಿ. ದೊಡ್ಡ ಕತೆಯೂ ಹೀಗೇ ಇದೆ. ಮಹಾಡ್ ಕೆರೆಯ ಹೋರಾಟ ನಿಮಗೆಲ್ಲ ಗೊತ್ತು. 1923ರಲ್ಲೇ ಮುಂಬಯಿ ಶಾಸನ ಸಭೆ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ ಠರಾವು ಮಾಡಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ತನ್ನ ಚವದಾರ್ ಕೆರೆ ಮುಕ್ತ ಅಂತ ಬರೆದುಕೊಂಡಿತು. ಕಾಗದದ ಮೇಲೆ ನೀರು ಸಿಕ್ಕಿತು, ಬೊಗಸೆಗೆ ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಮುಟ್ಟುವ ತನಕ ಆ ಠರಾವಿಗೆ ಜೀವ ಬಂದಿರಲಿಲ್ಲ. ಸಮ್ಮೇಳನಕ್ಕೆ ಬಂದವರಿಗೆ ಕುಡಿಯುವ ನೀರನ್ನೇ 40 ರೂಪಾಯಿ ಕೊಟ್ಟು ಕೊಳ್ಳಬೇಕಾಗಿತ್ತು.

ಆ ಸಮ್ಮೇಳನ ತನ್ನಷ್ಟಕ್ಕೆ ತಾನೇ ಆಯಿತೆ? ಅದಕ್ಕಾಗಿ ಓಡಾಡಿದವರಲ್ಲಿ ಮುಖ್ಯನಾದವನು ಆರ್. ಬಿ. ಮೋರೆ ಎಂಬ ಯುವಕ. ಹುಟ್ಟಿದ್ದು 1903ರಲ್ಲಿ. ಅಂದರೆ ಮಹಾಡ್ ಹೊತ್ತಿಗೆ 24 ವರ್ಷ, ಇಲ್ಲಿ ಕೂತಿರುವ ಎಂ.ಎ. ಹುಡುಗರ ವಯಸ್ಸು. ಅವನ ಫೋಟೋ ನಿಮ್ಮ ಹಾಸ್ಟೆಲಿನ ಗೋಡೆಯ ಮೇಲೆ ಇಲ್ಲ. ಆದರೆ ಅಂಥವರು ಇಲ್ಲದಿದ್ದರೆ ಕೆರೆಯ ದಂಡೆಯ ಮೇಲೆ ಜನ ಇರುತ್ತಿರಲಿಲ್ಲ. ನೀರು ಮುಟ್ಟಿದ ಮೇಲೆ ಏನಾಯಿತು? ಹೊಡೆತ ಬಿತ್ತು. ನಮ್ಮವರ ಕೈಯಲ್ಲೂ ಶಕ್ತಿ ಇತ್ತು, ಆದರೆ ಬಾಬಾಸಾಹೇಬರು ತಿರುಗಿ ಹೊಡೆಯದಂತೆ ತಡೆದರು. ಆಮೇಲೆ ಕೋರ್ಟು ಕೇಸು. ಮುಂಬಯಿ ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಒಂದು ದಿನದ ನಡಿಗೆ, ಹತ್ತು ವರ್ಷದ ಕಾಗದ. ನಡಿಗೆ ಮಾತ್ರ ನೆನಪಿಟ್ಟುಕೊಂಡು ಕಾಗದ ಮರೆತರೆ ನಾವು ಅರ್ಧ ಅಂಬೇಡ್ಕರನನ್ನು ಮಾತ್ರ ಓದಿದ ಹಾಗೆ.

ನಮ್ಮ ನಾಡಿನ ಮಾತಿಗೆ ಬರೋಣ. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ ಭದ್ರಾವತಿಯ ಕಾಲೇಜು ಮೇಷ್ಟ್ರು ಬಿ. ಕೃಷ್ಣಪ್ಪನವರು (1938–1997) ಅದರ ಮುಂದೆ ನಿಂತರು. ಅವರಿಗೆ ಇದ್ದ ಹೆಸರು ಏನು? ಅಧ್ಯಕ್ಷ ಅಲ್ಲ, ಸಂಚಾಲಕ. ರಾಜ್ಯ ಸಂಚಾಲಕ, ಜಿಲ್ಲಾ ಸಂಚಾಲಕ, ತಾಲ್ಲೂಕು ಸಂಚಾಲಕ. ಅಧ್ಯಕ್ಷ ಕೂತಿರುತ್ತಾನೆ, ಸಂಚಾಲಕ ನಡೀತಾನೆ, ಬೇರೆಯವರನ್ನೂ ನಡೆಸುತ್ತಾನೆ. ಆ ಹೆಸರಿನಲ್ಲೇ ಒಂದು ಪಾಠ ಇತ್ತು. ಆಮೇಲೆ ಸಮಿತಿ ಬಣಗಳಾಗಿ ಒಡೆಯಿತು. ಯಾಕೆ ಅಂತ ಎದೆ ಮುಟ್ಟಿ ಕೇಳಿಕೊಂಡರೆ, ಸಂಚಾಲಕರಾಗಿ ಬಂದ ನಾವೆಲ್ಲ ಒಳಗೊಳಗೇ ಅಧ್ಯಕ್ಷರಾಗಿದ್ದೆವು. ಇದನ್ನು ವೈರಿಗಳು ಹೇಳುವ ಮೊದಲು ನಾವೇ ಹೇಳಿಕೊಳ್ಳಬೇಕು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಭಾಷಣದಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಏನಾದರೂ ಆಗಿರಲಿ, ರಾಜಕೀಯದಲ್ಲಿ ವ್ಯಕ್ತಿಪೂಜೆ ಮಾಡಿದರೆ ಅದು ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಎಂಬುದು ಅವರ ಮಾತಿನ ಸಾರ. ಹಾಗೆ ಹೇಳಿದವರಿಗೇ ಹಾಲಿನ ಅಭಿಷೇಕ ಮಾಡುವ ಮಟ್ಟಕ್ಕೆ ನಾವು ಬಂದಿದ್ದೇವೆ.

ಈ ಕಲಬುರಗಿ ಬಂಜರು ನೆಲ ಅಲ್ಲ. 1968ರಲ್ಲಿ ಬಿ. ಶ್ಯಾಮಸುಂದರ್ ಅವರು ಕಟ್ಟಿದ ಭೀಮಸೇನೆಗೆ ಗುಲಬರ್ಗಾ ನೆಲೆಯಾಗಿತ್ತು. ಮಲ್ಲಿಕಾರ್ಜುನ ಖರ್ಗೆಯವರು ಇಲ್ಲಿನ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದವರು; 1969ರಲ್ಲಿ ಎಂಎಸ್‌ಕೆ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರರಾದರು; 1972ರಲ್ಲಿ ಗುರುಮಠಕಲ್‌ನಿಂದ ಶಾಸಕರಾದರು. ಅವರ ಪಕ್ಷವನ್ನು ನೀವು ಒಪ್ಪಬಹುದು, ಬಿಡಬಹುದು, ಅದು ನಿಮ್ಮ ವಿಚಾರ. ನಾನು ಹೇಳೋದು ಇಷ್ಟೇ: ಶಾಸಕನ ಕುರ್ಚಿಗಿಂತ ಮೊದಲು ಮಿಲ್ಲಿನ ಕೂಲಿಕಾರರ ಕಾಗದ ಇತ್ತು. ಮಿಲ್ಲು ಮುಚ್ಚಿಹೋಯಿತು. ಆ ಕ್ರಮ ಮುಚ್ಚಿಹೋಗಬಾರದು.

ಹಾಗಾದರೆ ನಾಳೆ ಬೆಳಗ್ಗೆಯಿಂದ ಏನು ಮಾಡಬೇಕು? ನನಗೆ ತಿಳಿದದ್ದು ಹೇಳ್ತೀನಿ.

ಒಂದು, ಒಬ್ಬರೇ ಒಳಗೆ ಹೋಗಬೇಡಿ. ವಾರ್ಡನ್ ಇರಲಿ, ತಹಸೀಲ್ದಾರ್ ಇರಲಿ, ಶಾಸಕ ಇರಲಿ. ಇಬ್ಬರಾದರೂ ಹೋಗಿ, ಹೊರಗೆ ಬಂದು ಆದದ್ದನ್ನೆಲ್ಲ ಎಲ್ಲರ ಮುಂದೆ ಹೇಳಿ.

ಎರಡು, ಬರೆದು ಕೇಳಿ, ಬರೆಸಿಕೊಂಡು ಬನ್ನಿ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಲಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅನ್ನೋ ನಿಯಮ ಇದೆ. ಆದ್ದರಿಂದ "ಹಾಸ್ಟೆಲಿನ ಎಲ್ಲಾ ಅವ್ಯವಹಾರದ ಮಾಹಿತಿ ಕೊಡಿ" ಅಂತ ಬರೆಯಬೇಡಿ. "ಇಂಥ ತಿಂಗಳು ಖರೀದಿ ಮಾಡಿದ ತೊಗರಿಬೇಳೆಯ ಬಿಲ್ಲಿನ ಪ್ರತಿ ಕೊಡಿ" ಅಂತ ಬರೆಯಿರಿ. ಸಿಟ್ಟನ್ನು ಸರಿಯಾದ ಪ್ರಶ್ನೆ ಮಾಡೋದೇ ನಾಯಕತ್ವದ ಅರ್ಧ ಕಸುಬು.

ಮೂರು, ಕಾಯ್ದೆ ತಿಳಿಯಿರಿ. ಊರಲ್ಲಿ ನಮ್ಮವರ ಮೇಲೆ ಹಲ್ಲೆ ಆಯಿತು, ಠಾಣೆಗೆ ಹೋದಿರಿ ಅನ್ನಿ. ಅಲ್ಲಿ ಕೂಗಾಡಿದರೆ ಅವರಿಗೇ ಲಾಭ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು 2015ರ ತಿದ್ದುಪಡಿಯ ನಂತರ ಏನು ಹೇಳುತ್ತದೆ? ಬಾಯಿಮಾತಿನ ದೂರನ್ನು ಬರೆದುಕೊಂಡರೆ ಅದನ್ನು ಓದಿ ಹೇಳಿ ಆಮೇಲೆ ಸಹಿ ಪಡೆಯಬೇಕು, ಪ್ರತಿಯನ್ನೂ ಕೊಡಬೇಕು. ಎಫ್‌ಐಆರ್ ಹಾಕಲು ಮೊದಲು ವಿಚಾರಣೆ ಆಗಲಿ ಅನ್ನುವ ನೆಪ 2018ರ ತಿದ್ದುಪಡಿಯಿಂದ ನಡೆಯೋದಿಲ್ಲ. ಹೆಬ್ಬೆಟ್ಟು ಒತ್ತುವ ಅಪ್ಪನ ಪಕ್ಕದಲ್ಲಿ "ಸಾಹೇಬ್ರ, ಮೊದಲ ಓದಿ ಹೇಳ್ರಿ" ಅನ್ನುವ ಮಗಳೊಬ್ಬಳು ನಿಂತರೆ, ಅವಳು ಆ ಊರಿನ ಮುಂದಾಳು.

ನಾಲ್ಕು, ಲೆಕ್ಕ ಕೊಡಿ. ಏಪ್ರಿಲ್ 14ಕ್ಕೆ ಪಟ್ಟಿ ಎತ್ತುತ್ತೀರಿ. ಎಷ್ಟು ಬಂತು, ಪೆಂಡಾಲಿಗೆಷ್ಟು, ಊಟಕ್ಕೆಷ್ಟು, ಉಳಿದದ್ದೆಷ್ಟು, ಮರುದಿನ ಬೆಳಗ್ಗೆ ನೋಟೀಸು ಬೋರ್ಡಿಗೆ ಹಚ್ಚಿ. ನೂರು ರೂಪಾಯಿಯ ಲೆಕ್ಕ ಕೊಡದವನು ನಾಳೆ ನಿಗಮದ ಕೋಟಿ ಲೆಕ್ಕ ಕೊಡುತ್ತಾನೆಯೆ?

ಐದು, ಕಲಿತದ್ದನ್ನು ಕೂಡಲೆ ಇನ್ನೊಬ್ಬರಿಗೆ ಕಲಿಸಿ. ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬೋದು, ನಾಡಕಚೇರಿಯಿಂದ ಜಾತಿ ಆದಾಯ ಪತ್ರ ತರೋದು ನಿಮಗೆ ಬರ್ತದೆ. ಹೊಸದಾಗಿ ಸೇರಿದ ಹುಡುಗನಿಗೆ ತುಂಬಿ ಕೊಡಬೇಡಿ, ತುಂಬೋದು ಕಲಿಸಿ. ತುಂಬಿ ಕೊಡುತ್ತಲೇ ಇದ್ದರೆ ಅವನು ನಿಮ್ಮ ಹಿಂದೆ ತಿರುಗುತ್ತಾನೆ, ನಿಮಗೆ ಖುಷಿ ಆಗ್ತದೆ, ದಲ್ಲಾಳಿತನ ಅಲ್ಲಿಂದಲೇ ಶುರುವಾಗ್ತದೆ.

ಇನ್ನು ತಂಗಿಯರ ಮಾತು. ಈ ಶಿಬಿರದಲ್ಲೂ ಚಹಾ ಕೊಡಲು, ರಂಗೋಲಿ ಹಾಕಲು ಅವರು, ಭಾಷಣಕ್ಕೆ ನಾವು. ಸಭೆಯನ್ನು ರಾತ್ರಿ ಎಂಟಕ್ಕೆ ಇಟ್ಟು "ಹುಡುಗಿಯರು ಬರೋದೇ ಇಲ್ಲ" ಅಂದರೆ ಹೇಗೆ? ಅವರ ಹಾಸ್ಟೆಲಿನ ಗೇಟು ಯಾವಾಗ ಮುಚ್ಚುತ್ತದೆ ಅಂತ ಕೇಳಿ ಸಭೆಯ ವೇಳೆ ಇಡಿ. 1942ರಲ್ಲಿ ನಾಗಪುರದಲ್ಲಿ ದಲಿತ ಮಹಿಳೆಯರ ಅಖಿಲ ಭಾರತ ಸಮ್ಮೇಳನವನ್ನು ಸುಲೋಚನಾಬಾಯಿ ಡೋಂಗ್ರೆ ಅಧ್ಯಕ್ಷತೆ ವಹಿಸಿ ನಡೆಸಿದರು. ಇಷ್ಟು ವರ್ಷದ ಮೇಲೂ ನಮ್ಮ ವೇದಿಕೆಯ ಮೇಲೆ ಒಂದು ಸೀರೆ ಕಾಣದಿದ್ದರೆ ನಾವು ಹಿಂದಕ್ಕೆ ನಡೆದಿದ್ದೇವೆ.

ನಾಳೆ ನಿಮ್ಮಲ್ಲಿ ಕೆಲವರು ಮೇಷ್ಟ್ರಾಗ್ತೀರಿ, ನರ್ಸ್ ಆಗ್ತೀರಿ, ಬ್ಯಾಂಕಿಗೆ ಸೇರ್ತೀರಿ, ಬೆಂಗಳೂರು ಹೈದರಾಬಾದಿನ ಕಂಪನಿಗೆ ಹೋಗ್ತೀರಿ. ಅಲ್ಲಿ ಘೋಷಣೆ ಇಲ್ಲ, ಆದರೆ ಕುರ್ಚಿಯ ಆಟ ಅದೇ. "ನೀವು ಅವರ ಹಂಗ ಅಲ್ಲ ಬಿಡ್ರಿ" ಅಂತ ಹೊಗಳುತ್ತಾರೆ. ಆ ಹೊಗಳಿಕೆ ನಾನು ಕುಡಿದ ಚಹಾ ಇದ್ದ ಹಾಗೆ. ನಿಮ್ಮ ಕೆಲಸವನ್ನು ಯಾರೂ ಬೆರಳು ತೋರಿಸದಂತೆ ಮಾಡಿ, ಫೈಲು ಓದಿ, ಮೀಟಿಂಗಿನಲ್ಲಿ ಬಾಯಿ ಬಿಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಕಸ ಹೊಡೆಯುವ ಅಕ್ಕನನ್ನು ಹೆಸರು ಹಿಡಿದು, ಮರ್ಯಾದೆ ಕೊಟ್ಟು ಮಾತಾಡಿಸಿ. ನಿಮ್ಮ ಮೇಜಿನ ಮುಂದೆ ನಮ್ಮಪ್ಪನಂಥವನೊಬ್ಬ ಕಾಗದ ಹಿಡಿದು ನಿಂತಾಗ ಅವನಿಗೆ ಕುರ್ಚಿ ತೋರಿಸಿ. ಅವತ್ತು ನನಗೆ ತೋರಿಸಿದ ಕುರ್ಚಿಗೆ ಅದೇ ಉತ್ತರ.

ಕೊನೆಗೆ ಈ ಊರಿನದೇ ಮಾತು. ಕಮಲಾಪುರದ ಕೆಂಪು ಬಾಳೆ ಎಲ್ಲಾ ಕಡೆ ಹೆಸರುವಾಸಿ. ಬಾಳೆ ಗಿಡ ಒಂದೇ ಸಲ ಗೊನೆ ಹಾಕ್ತದೆ, ಆಮೇಲೆ ಕಡೀತಾರೆ. ಆದರೂ ತೋಟ ಹಾಳಾಗೋದಿಲ್ಲ, ಯಾಕೆಂದರೆ ಅದು ಬುಡದಲ್ಲಿ ಮರಿ ಬಿಟ್ಟಿರ್ತದೆ. ನೀವು ಹಾಸ್ಟೆಲಿನಲ್ಲಿ ಇರೋದು ಎರಡು ವರ್ಷ, ಮೂರು ವರ್ಷ. ನೀವು ಟ್ರಂಕು ಹೊತ್ತು ಹೊರಟ ದಿನ ಆ ನೋಟುಬುಕ್ಕನ್ನು ಮುಂದೆ ಬರೆಯುವ ಕೈ ಅಲ್ಲಿ ಇದೆಯೆ? ಇದ್ದರೆ ನೀವು ಮುಂದಾಳು. ಇಲ್ಲದಿದ್ದರೆ ಬರೀ ಮುಂದಿನ ಕುರ್ಚಿಯವರು.

ಇವತ್ತು ಇಲ್ಲಿಂದ ಹೋಗುವಾಗ ಅಂಗಡಿಗೆ ಹೋಗಿ ಎರಡು ರೇಖೆಯ ಒಂದು ನೋಟುಬುಕ್ಕು ಕೊಳ್ಳಿ. ಮೊದಲ ಪುಟದ ಮೇಲೆ ನಿಮ್ಮ ಹೆಸರು ಬರೆಯಬೇಡಿ, ಹಾಸ್ಟೆಲಿನ ಹೆಸರು ಬರೆಯಿರಿ.

ಜೈ ಭೀಮ್.