ವಾಹಕರು ರೋಗಿಗಳಲ್ಲ, ಆದರೆ ತಿಳಿದಿರಬೇಕು
(ಗೂಳೂರಿನಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)

 

ನಮ್ಮ ಶರೀರದ ಬಹುಪಾಲು ಜೀನ್‌ಗಳು ಜೋಡಿಯಾಗಿರುತ್ತವೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಥಲಸ್ಸೀಮಿಯಾದಂತಹ ಕಾಯಿಲೆಗಳಲ್ಲಿ ಒಂದು ಜೀನ್ ಮಾತ್ರ ದೋಷವುಳ್ಳದ್ದಾದರೆ ಅಂಥವರು ರೋಗಿಗಳಲ್ಲ, 'ವಾಹಕರು'. ಗಂಡ ಹೆಂಡತಿ ಇಬ್ಬರೂ ಒಂದೇ ಕಾಯಿಲೆಯ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25.

ಹಾಗಾದರೆ ವಾಹಕರಿಗೆ ಏನೂ ತೊಂದರೆಯಿಲ್ಲವೇ? ಹೆಚ್ಚಿನವರಿಗೆ ಇಲ್ಲ. ಆದರೂ ಕೆಲವು ಸಂಗತಿ ತಿಳಿದಿರಬೇಕು. ಥಲಸ್ಸೀಮಿಯಾ ವಾಹಕರಲ್ಲಿ ಹಿಮೋಗ್ಲೋಬಿನ್ ತುಸು ಕಡಿಮೆ. ಗರ್ಭಿಣಿಯರಲ್ಲಿ ಇನ್ನಷ್ಟು ಇಳಿಯಬಹುದು. ಇದನ್ನು ಕಬ್ಬಿಣದ ಕೊರತೆಯೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಫೆರಿಟಿನ್ ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಅವರಿಗೆ ಕಬ್ಬಿಣ ಬೇಕು. ಸಿಕಲ್ ಸೆಲ್ ವಾಹಕರು ನೀರು ಕುಡಿಯದೆ ಬಿಸಿಲಿನಲ್ಲಿ ಅತಿಯಾಗಿ ಓಡಿದರೆ ಅಪಾಯವುಂಟು. ಮೂತ್ರದಲ್ಲಿ ರಕ್ತ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಗೋಷೆ ಎಂಬ ಅಪರೂಪದ ಕಾಯಿಲೆಯ ವಾಹಕರಿಗೆ ಇಳಿವಯಸ್ಸಿನಲ್ಲಿ ಪಾರ್ಕಿನ್ಸನ್ ರೋಗದ ಸಂಭವ ಉಳಿದವರಿಗಿಂತ ಹೆಚ್ಚು.

1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ರಕ್ತಪರೀಕ್ಷೆ ನಡೆದಾಗ, ಸುಮಾರು ಮೂರು ಶಿಶುಗಳಲ್ಲಿ ಒಂದರ ತಂದೆತಾಯಿಗಳು ರಕ್ತಸಂಬಂಧಿಗಳೆಂದು ತಿಳಿದುಬಂತು. ಇದು ಒಂದು ಸಮುದಾಯದ ಮಾತಲ್ಲ, ನಮ್ಮ ನಾಡಿನ ಪದ್ಧತಿ. ಚಿಕ್ಕಪ್ಪ, ಸೋದರಮಾವಂದಿರ ಮಕ್ಕಳೊಡನೆ ನಿಕಾಹ್‌ಗೆ ಶರೀಅತ್‌ನಲ್ಲಿ ಅನುಮತಿಯಿದೆ, ಕಡ್ಡಾಯವೆಂದಿಲ್ಲ. ಅಂತಹ ಜೋಡಿಗಳಲ್ಲಿ ಇಬ್ಬರಿಗೂ ಅಜ್ಜ ಅಜ್ಜಿಯಿಂದ ಒಂದೇ ದೋಷ ಬಂದಿರುವ ಸಾಧ್ಯತೆ ಹೆಚ್ಚು. ಆದ್ದರಿಂದಲೇ ಇರಾನ್ 1997ರಲ್ಲಿ ಥಲಸ್ಸೀಮಿಯಾಕ್ಕೂ, ಸೌದಿ ಅರೇಬಿಯಾ 2004ರಲ್ಲಿ ಥಲಸ್ಸೀಮಿಯಾ ಹಾಗೂ ಸಿಕಲ್ ಸೆಲ್‌ಗೂ ವಿವಾಹಪೂರ್ವ ಪರೀಕ್ಷೆಯನ್ನು ಜಾರಿಗೆ ತಂದವು. ಸೌದಿಯಲ್ಲಿ ಫಲಿತಾಂಶ ಏನೇ ಬಂದರೂ ಮದುವೆಯ ತೀರ್ಮಾನ ಜೋಡಿಯದೇ.

ಇನ್ನೊಂದು ನೋವಿನ ಮಾತು. ಮಗುವಿಗೆ ಕಾಯಿಲೆಯಾದರೆ ಸೊಸೆಯನ್ನು ದೂರುತ್ತಾರೆ. ಇಂತಹ ಕಾಯಿಲೆಯಲ್ಲಿ ದೋಷವುಳ್ಳ ಜೀನ್ ಸಾಮಾನ್ಯವಾಗಿ ತಂದೆಯಿಂದಲೂ ಬಂದಿರುತ್ತದೆ. ವಾಹಕಳೆಂದು ತಿಳಿದ ಮಾತ್ರಕ್ಕೆ ಹೆಣ್ಣಿನ ಸಂಬಂಧ ಮುರಿಯುವುದೂ ಅನ್ಯಾಯವೇ. ಗಂಡು ವಾಹಕನಲ್ಲದಿದ್ದರೆ ಮಕ್ಕಳಿಗೆ ಆ ಕಾಯಿಲೆಯ ಭಯವಿಲ್ಲ.

ವಿದ್ಯಾರ್ಥಿಗಳೇ, ಸಂಬಂಧ ಮಾತಾಡುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲು ಸಾಮಾನ್ಯ ರಕ್ತಕಣ ಎಣಿಕೆ, ಸಂಶಯವಿದ್ದರೆ ಎಚ್‌ಬಿ ಎ2 ಪರೀಕ್ಷೆ. ಸಿಕಲ್ ಸೆಲ್ ವಾಹಕರಲ್ಲಿ ಎಣಿಕೆ ಸರಿಯಾಗಿಯೇ ಇರಬಹುದು. ಅದಕ್ಕೆ ಬೇರೆ ಪರೀಕ್ಷೆಯಿದೆ. ಸಂಘವು ತನ್ನ ಆರೋಗ್ಯ ಶಿಬಿರಗಳಲ್ಲಿ ಇದನ್ನು ಸೇರಿಸಲಿ, ಫಲಿತಾಂಶ ಗುಟ್ಟಾಗಿರಲಿ ಎಂದು ವಿನಂತಿಸುತ್ತೇನೆ. ಅಲ್ಲಾಹನು ನಮಗೆ ಅರಿವನ್ನೂ ಅದರಂತೆ ನಡೆಯುವ ಧೈರ್ಯವನ್ನೂ ಕರುಣಿಸಲಿ. ಆಮೀನ್.